ಆಪರೇಷನ್ ಆದ ಬಾಣಂತಿಗೆ ನೀರೂ ಬೇಕು, ನಡಿಗೆಯೂ ಬೇಕು

ಎಲ್ಲರಿಗೂ ನಮಸ್ಕಾರ. ಬಸುರಿಯರು ಎಷ್ಟು ಜನ ಬಂದಿದ್ದೀರೋ ಹೆಚ್ಚುಕಮ್ಮಿ ಅಷ್ಟೇ ಜನ ಅಮ್ಮಂದಿರು, ಅತ್ತೆಯಂದಿರು ಬಂದಿದ್ದೀರಿ. ನನಗೂ ಅದೇ ಬೇಕಿತ್ತು. ಬಾಗಿಲ ಹತ್ತಿರ ನಾಲ್ಕೈದು ಗಂಡಂದಿರೂ ಕಾಣುತ್ತಿದ್ದಾರೆ. ಒಳಗೆ ಬಂದು ಕೂತುಕೊಳ್ಳಿ, ನಿಮಗೂ ಕೆಲಸ ಇದೆ.

ಮಗು ಹುಟ್ಟಿದ ಸುದ್ದಿ ಹೇಳಿದರೆ ನೆಂಟರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಆಮೇಲೆ ಕೇಳುವುದು "ನಾರ್ಮಲ್ ಆಯ್ತಾ?" ಎಂದು. ಆಪರೇಷನ್ ಅಂದರೆ ಒಂದು "ಅಯ್ಯೋ" ಬರುತ್ತದೆ. ನೋವೇ ತಿನ್ನದೆ ಹೆತ್ತುಬಿಟ್ಟಳು ಎಂದು ಹಿಂದಿನಿಂದ ಆಡಿಕೊಳ್ಳುವವರೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 31.5 ಸಿಸೇರಿಯನ್. ಮೂವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ. ಇಷ್ಟೊಂದು ಯಾಕೆ ಆಗುತ್ತಿದೆ ಎಂದು ಜಗಳ ಆಡಲೇಬೇಕು, ಆದರೆ ಇವತ್ತಲ್ಲ. ಆದ ಮೇಲೆ ಹೇಗೆ ಚೇತರಿಸಿಕೊಳ್ಳುವುದು ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಒಳಗೆ ಏನಾಗಿರುತ್ತದೆ ತಿಳಿದುಕೊಳ್ಳಿ. ಸೀರೆ ಕಟ್ಟುವ ಜಾಗಕ್ಕಿಂತ ಕೆಳಗೆ ಅಡ್ಡಕ್ಕೆ 10ರಿಂದ 15 ಸೆಂಟಿಮೀಟರ್ ಕೊಯ್ದಿರುತ್ತೇವೆ. ಚರ್ಮ, ಕೊಬ್ಬು, ಅದರ ಕೆಳಗಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಆಮೇಲೆ ಗರ್ಭಕೋಶ. ಹೊಟ್ಟೆಯ ಸ್ನಾಯುವನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಎರಡು ಕಡೆಗೆ ಸರಿಸುತ್ತೇವೆ. ಮೇಲಿನ ಚರ್ಮ ವಾರ ಹತ್ತು ದಿನದಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಪದರಗಳಿಗೆ ಆರು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. "ಹೊಲಿಗೆ ಒಣಗಿದೆ, ಇನ್ನೇನು" ಎಂದು ಹದಿನೈದನೇ ದಿನಕ್ಕೆ ಕೊಡ ಎತ್ತುವವರನ್ನು ಕಂಡರೆ ನನಗೆ ಭಯ ಆಗುವುದು ಇದಕ್ಕೇ. ಆರು ವಾರ ಮಗುವಿಗಿಂತ ಭಾರದ್ದನ್ನು ಎತ್ತಬೇಡಿ. ನೀರಿನ ಬಿಂದಿಗೆ, ಸಿಲಿಂಡರ್, ಎರಡು ವರ್ಷದ ದೊಡ್ಡ ಮಗು, ಯಾವುದೂ ಬೇಡ. ದೊಡ್ಡ ಮಗು ಅತ್ತರೆ ಮಂಚದ ಮೇಲೆ ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಪರೇಷನ್ ಆದ ಮೊದಲ ಕೆಲವು ಗಂಟೆ ಕಾಲು ನಿಮ್ಮದಲ್ಲ ಅನಿಸುತ್ತದೆ. ಮೈ ನಡುಗಬಹುದು. ಮೂಗು, ಮುಖ ತುರಿಸಬಹುದು. ಇವೆಲ್ಲ ಆಪರೇಷನ್ ನೋವು ತಿಳಿಯದಿರಲೆಂದು ಬೆನ್ನಿಗೆ ಕೊಟ್ಟ ಮದ್ದಿನಿಂದ ಆಗುವಂಥವು, ತಾವಾಗಿಯೇ ಇಳಿಯುತ್ತವೆ. ಮೂತ್ರಕ್ಕೆ ಹಾಕಿದ ಪೈಪನ್ನು ನೀವು ಎದ್ದು ಓಡಾಡುವ ಹೊತ್ತಿಗೆ, ಸಾಮಾನ್ಯವಾಗಿ ಒಂದು ದಿನದೊಳಗೆ, ತೆಗೆಯುತ್ತಾರೆ.

ಎಲ್ಲರೂ ಹೆದರುವುದು ಮೊದಲ ಸಲ ಏಳುವುದಕ್ಕೆ. ಮಲಗಿದಲ್ಲಿಂದ ನೇರವಾಗಿ ಮೇಲೆದ್ದರೆ ಹೊಲಿಗೆ ಚುರ್ ಅನ್ನುತ್ತದೆ, ಇಡೀ ಭಾರ ಹೊಟ್ಟೆಯ ಮೇಲೆ ಬೀಳುತ್ತದೆ. ಹಾಗೆ ಏಳಬೇಡಿ. ಮೊಣಕಾಲು ಮಡಚಿ. ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೆ ಮಗ್ಗುಲಿಗೆ ತಿರುಗಿ. ಕಾಲನ್ನು ಮಂಚದ ಅಂಚಿನಿಂದ ಕೆಳಗೆ ಬಿಡಿ, ಆಮೇಲೆ ಕೈ ಊರಿ ಮೇಲೆ ಬನ್ನಿ. ಕೂತ ಮೇಲೆ ಎರಡು ನಿಮಿಷ ಹಾಗೇ ಇರಿ. ಕಣ್ಣು ಕತ್ತಲೆ ಬಂದರೆ ಹೇಳಿ. ನಿಲ್ಲುವಾಗ ಒಬ್ಬರು ಹಿಡಿದುಕೊಳ್ಳಲಿ. ನಿಂತ ಕೂಡಲೇ ಕಾಲಿನ ಮೇಲೆ ರಕ್ತ ಇಳಿದುಬಂದರೆ ಗಾಬರಿ ಬೇಡ. ಮಲಗಿದ್ದಾಗ ಒಳಗೆ ನಿಂತದ್ದು ಎದ್ದಾಗ ಹೊರಗೆ ಬರುತ್ತದೆ, ಅಷ್ಟೆ. ಸುರಿಯುತ್ತಲೇ ಇದ್ದರೆ ಮಾತ್ರ ನರ್ಸಮ್ಮನನ್ನು ಕರೆಯಿರಿ. ಎಲ್ಲರೂ ಬೆನ್ನು ಬಗ್ಗಿಸಿಕೊಂಡು ಹೊಟ್ಟೆ ಹಿಡಿದೇ ನಡೆಯುತ್ತಾರೆ. ಮೆಲ್ಲಗೆ ನೆಟ್ಟಗಾಗಿ, ಹೊಲಿಗೆ ಬಿಟ್ಟುಹೋಗುವುದಿಲ್ಲ. ಕೆಮ್ಮು, ಸೀನು, ನಗು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಮನೆಗೆ ಆಟೋದಲ್ಲಿ ಹೋಗುವಾಗಲೂ ಆ ದಿಂಬು ಜೊತೆಗಿರಲಿ, ನಮ್ಮ ಊರಿನ ಹಂಪ್‌ಗಳು ನಿಮಗೆ ಗೊತ್ತೇ ಇವೆ.

ಇಷ್ಟು ಬೇಗ ಯಾಕೆ ಎಬ್ಬಿಸುತ್ತೀರಿ ಎಂದು ಅಮ್ಮಂದಿರು ನಮ್ಮ ಮೇಲೆ ಕೋಪಿಸಿಕೊಳ್ಳುತ್ತಾರೆ. ಹೆರಿಗೆಯಾದ ಹೊಸದರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಲ್ಲಿ ರಕ್ತ ಹರಿದುಹೋಗಬಾರದೆಂದು ದೇಹವೇ ಮಾಡಿಕೊಂಡ ಏರ್ಪಾಡು ಅದು. ಆದರೆ ಅಲ್ಲಾಡದೆ ಮಲಗಿದ್ದರೆ ಅದೇ ಹೆಪ್ಪು ಕಾಲಿನ ರಕ್ತನಾಳದಲ್ಲಿ ಕೂರಬಹುದು, ಅಲ್ಲಿಂದ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾರ್ಮಲ್ ಹೆರಿಗೆಗಿಂತ ಸಿಸೇರಿಯನ್ ಆದವರಿಗೆ ಈ ಭಯ ಜಾಸ್ತಿ. ನಡೆದರೆ ಹೊಟ್ಟೆಯ ಗ್ಯಾಸೂ ಹೊರಡುತ್ತದೆ. ಆ ಗ್ಯಾಸ್ ನೋವು ಕೆಲವರಿಗೆ ಹೊಲಿಗೆ ನೋವಿಗಿಂತ ಜೋರಾಗಿರುತ್ತದೆ, ಭುಜದ ತುದಿಗೂ ಹೊಡೆಯುತ್ತದೆ.

ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಎಂದು ಬಚ್ಚಿಡುತ್ತಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲುಣಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆಗಳು. ನೋವು ತಡೆದುಕೊಂಡು ಕೂತರೆ ನಡೆಯಲೂ ಆಗುವುದಿಲ್ಲ, ಹಾಲೂಡಿಸಲೂ ಆಗುವುದಿಲ್ಲ.

ಹಾಲಿನ ವಿಷಯಕ್ಕೆ ಬಂದೆ. ಆಪರೇಷನ್ ಆದರೆ ಹಾಲು ಬರುವುದಿಲ್ಲ ಎಂಬುದು ಸುಳ್ಳು. ಒಂದೆರಡು ದಿನ ತಡವಾಗಬಹುದು. ಮೊದಲ ದಿನ ಬರುವ ಹಳದಿ ಗಿಣ್ಣು ಹಾಲು ನೋಡಲು ಸ್ವಲ್ಪವೇ, ಆದರೆ ಅವತ್ತು ಮಗುವಿಗೆ ಒಂದು ಸಲಕ್ಕೆ ಬೇಕಾಗಿರುವುದೂ ಒಂದು ಚಮಚದಷ್ಟೇ. ಅದಕ್ಕೆ ಜೇನುತುಪ್ಪ, ಸಕ್ಕರೆ ನೀರು, ಗುಟ್ಟಿ ಯಾವುದನ್ನೂ ನೆಕ್ಕಿಸಬೇಡಿ. ಮಗುವಿನ ಕಾಲು ಹೊಲಿಗೆಗೆ ಒದೆಯದ ಹಾಗೆ ಕಂಕುಳ ಕೆಳಗೆ ಮಲಗಿಸಿಕೊಂಡು ಕುಡಿಸಬಹುದು. ಮಗ್ಗುಲಾಗಿ ಮಲಗಿಯೂ ಕುಡಿಸಬಹುದು, ಆಗ ಪಕ್ಕದಲ್ಲಿ ಒಬ್ಬರು ಎಚ್ಚರ ಇರಲಿ. ಮಗು ಹಾಲು ಎಳೆಯುವಾಗ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ. ಗರ್ಭಕೋಶ ಕುಗ್ಗುತ್ತಿದೆ ಎಂದು ಅರ್ಥ. ಹೆರಿಗೆಯಾದ ದಿನ ಸುಮಾರು ಒಂದು ಕೆಜಿ ತೂಗುವ ಅದು ಆರು ವಾರದಲ್ಲಿ ಮೊದಲಿನ ಅಳತೆಗೆ ಬರಬೇಕು. ಹಾಗಾಗಿ ಮನೆಗೆ ಬಂದ ಮೇಲೂ ಹೊಟ್ಟೆ ಆರು ತಿಂಗಳ ಬಸುರಿಯಂತೆ ಕಂಡರೆ ಅದು ಸಹಜ. ರಕ್ತಸ್ರಾವವೂ ನಾಲ್ಕರಿಂದ ಆರು ವಾರ ಇರುತ್ತದೆ. ಕೆಂಪು ಕಂದಾಗಿ, ಕೊನೆಗೆ ಬಿಳಿ ಹಳದಿಗೆ ತಿರುಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಲು ಬಂದ ಮಾತು. ನಮ್ಮ ಬಾಣಂತನ ದೊಡ್ಡ ಆಸ್ತಿ. ತವರಿನಲ್ಲಿ ಮೂರು ತಿಂಗಳು, ಬಿಸಿ ಊಟ, ರಾತ್ರಿ ಮಗು ಎತ್ತಿಕೊಳ್ಳಲು ಅಮ್ಮ. ಒಬ್ಬರೇ ಎಲ್ಲ ಮಾಡಿಕೊಳ್ಳಬೇಕಾದ ಕಡೆ ಹೆತ್ತ ಹೆಣ್ಣುಮಕ್ಕಳಿಗೆ ಅದರ ಬೆಲೆ ಗೊತ್ತು. ಅದನ್ನು ಬಿಡಿ ಎಂದು ನಾನು ಹೇಳುವವಳಲ್ಲ. ಅದರೊಳಗಿನ ಎರಡು ಮೂರು ಪದ್ಧತಿಗಳನ್ನು ಮಾತ್ರ ಬಿಡಲೇಬೇಕು.

ಮೊದಲನೆಯದು ನೀರು. ವಾರ್ಡಿನಲ್ಲಿ ನೋಡುತ್ತಿರುತ್ತೇನೆ. ಫ್ಲಾಸ್ಕ್ ಅಜ್ಜಿಯ ಮಡಿಲಲ್ಲಿರುತ್ತದೆ. ಬಾಣಂತಿ ಕೇಳಿದಾಗ ಮುಚ್ಚಳದಲ್ಲಿ ಅರ್ಧ ಬಗ್ಗಿಸಿ ಕೊಡುತ್ತಾರೆ, ಉಳಿದದ್ದನ್ನು ತಿರುಗಿ ಒಳಗೆ ಹಾಕಿಡುತ್ತಾರೆ. "ನೀರು ಕುಡಿದ್ರೆ ಹೊಲಿಗೆ ಹಸಿಯಾಗತ್ತೆ ಡಾಕ್ಟ್ರಮ್ಮ, ಹೊಟ್ಟೆ ಇಳಿಬೀಳತ್ತೆ." ಅಜ್ಜೀ, ಕುಡಿದ ನೀರು ಹೋಗುವುದು ಕರುಳಿಗೆ, ಹೊಲಿಗೆಗಲ್ಲ. ತಿಂಗಳಾದ ಮಗು ದಿನಕ್ಕೆ ಸುಮಾರು 700ರಿಂದ 800 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅದು ಎಲ್ಲಿಂದ ಬರಬೇಕು? ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಅದಕ್ಕಿಂತ ದೊಡ್ಡದು, ರಕ್ತ ಇನ್ನೂ ಗಟ್ಟಿಯಾಗುವುದು. ಬಾಣಂತಿಯರ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಜೋರು ತಲೆನೋವು, ಫಿಟ್ಸ್, ಕೈಕಾಲು ಬೀಳುವುದು ಇವುಗಳಿಂದ ಆಸ್ಪತ್ರೆಗೆ ಬರುವುದನ್ನು ನಮ್ಮ ದೇಶದ ನರರೋಗ ವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. ನೀರು ಸಾಲದಿರುವುದೂ ಅದಕ್ಕೆ ಒಂದು ಕಾರಣ. ಬಿಸಿನೀರೇ ಕೊಡಿ, ಜೀರಿಗೆ ಹಾಕಿ ಕುದಿಸಿಯೇ ಕೊಡಿ, ಆದರೆ ಕೇಳಿದಷ್ಟು ಕೊಡಿ. ಸಾರು, ಹಾಲು, ಗಂಜಿ ಎಲ್ಲ ಸೇರಿ ದಿನಕ್ಕೆ 2.5ರಿಂದ 3 ಲೀಟರ್ ಆಗಲಿ. ಪ್ರತಿ ಸಲ ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟ ಇರಲಿ.

ಎರಡನೆಯದು ಪಥ್ಯ. ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡೆ ಎಲ್ಲ ಚೆನ್ನ. ಆದರೆ ಬೇಳೆ ತಿಂದರೆ ಕೀವು, ತರಕಾರಿ ತಿಂದರೆ ವಾಯು, ಹಣ್ಣು ತಿಂದರೆ ಮಗುವಿಗೆ ಶೀತ ಎಂದು ಒಂದೊಂದೇ ತೆಗೆಯುತ್ತಾ ಹೋಗಿ ಕೊನೆಗೆ ಉಳಿಯುವುದು ಬಿಳಿ ಅನ್ನ, ತಿಳಿಸಾರು. ಗಾಯ ಮಾಯಬೇಕಾದರೆ ಪ್ರೊಟೀನ್ ಬೇಕು. ಬೇಳೆ, ಕಾಳು, ಮೊಟ್ಟೆ, ಮೀನು, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು. ಎದೆಹಾಲು ಮಾತ್ರ ಕುಡಿಯುವ ಕೆಲವು ಹಸುಗೂಸುಗಳು ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡು ಬಂದದ್ದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ದಾಖಲಿಸಿದ್ದಾರೆ. ತಾಯಂದಿರು ಪಾಲಿಶ್ ಅಕ್ಕಿಯ ಅನ್ನ ತಿನ್ನುತ್ತಾ ಪಥ್ಯದಲ್ಲಿದ್ದವರು. ಹಾಲಿನಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಸಾಕಷ್ಟು ಇರಲಿಲ್ಲ. ಅದನ್ನು ಕೊಟ್ಟ ಮೇಲೆ ಮಕ್ಕಳು ಚೇತರಿಸಿಕೊಂಡವು. ಪಥ್ಯ ತಾಯಿಯದಾದರೂ ಏಟು ಬಿದ್ದದ್ದು ಮಗುವಿಗೆ. ಇನ್ನು ಕಬ್ಬಿಣಾಂಶದ ಮಾತ್ರೆ ಹೆರಿಗೆಯಾದ ಮೇಲೆ 180 ದಿನ ನುಂಗಬೇಕು. ಕಾಫಿ, ಟೀ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ.

ಸ್ನಾನದ ಬಗ್ಗೆ ಕೇಳದೆ ಯಾರೂ ಇಲ್ಲಿಂದ ಎದ್ದು ಹೋಗುವುದಿಲ್ಲ ಅಲ್ವಾ? ಡಾಕ್ಟರು ಹೇಳಿದ ಮೇಲೆ, ಸಾಮಾನ್ಯವಾಗಿ ಎರಡು ದಿನ ಕಳೆದರೆ, ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಬಹುದು. ಗಾಯವನ್ನು ಒತ್ತಿ ಒರೆಸಿ ಒಣಗಿಸಿ, ಉಜ್ಜಬೇಡಿ. ಅರಿಶಿನ, ಬೂದಿ, ಪೌಡರ್ ಏನೂ ಹಚ್ಚಬೇಡಿ. ಹಂಡೆಗಟ್ಟಲೆ ಕುದಿನೀರು ಹೊಟ್ಟೆಯ ಮೇಲೆ ಬೀಸಿ ಹೊಯ್ಯುವುದು ಬೇಡ. ಗಾಯದ ಸುತ್ತ ಕೆಲವು ತಿಂಗಳು ಮರಗಟ್ಟಿದಂತಿರುತ್ತದೆ, ಬಿಸಿ ಎಷ್ಟಿದೆ ಎಂದು ಅವಳಿಗೆ ತಿಳಿಯುವುದೇ ಇಲ್ಲ. ಬಚ್ಚಲಲ್ಲಿ ತಲೆತಿರುಗಿ ಬೀಳುವುದೂ ಉಂಟು. ಕೆಂಡದ ಸಾಂಬ್ರಾಣಿ ಹೊಗೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಕಬೇಡಿ, ಕೆಂಡದ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡರೆ ನಡೆಯುವಾಗ ಆಸರೆ ಸಿಗುತ್ತದೆ, ಅಷ್ಟಕ್ಕೆ ಒಳ್ಳೆಯದು. ಉಸಿರು ಕಟ್ಟುವಷ್ಟು ಬಿಗಿದರೆ ಹೊಟ್ಟೆಯೇನೂ ಕರಗುವುದಿಲ್ಲ.

ಬೆನ್ನುನೋವು. ಹತ್ತು ವರ್ಷ ಕಳೆದರೂ "ಅವತ್ತು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ" ಎನ್ನುತ್ತೀರಿ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದು ಕಾರಣವಲ್ಲ. ಬಸಿರಿನಲ್ಲಿ ಸಡಿಲಾದ ಕೀಲು, ಬಲ ಕಳೆದುಕೊಂಡ ಹೊಟ್ಟೆಯ ಸ್ನಾಯು, ಗೂನಾಗಿ ಕೂತು ಹಾಲೂಡಿಸುವುದು ಇವೇ ಕಾರಣ. ಬೆನ್ನಿಗೆ ದಿಂಬು ಕೊಟ್ಟು ಮಗುವನ್ನು ಎದೆಯ ಮಟ್ಟಕ್ಕೆ ತಂದುಕೊಳ್ಳಿ. ಆದರೆ ಮೊದಲ ವಾರದಲ್ಲಿ ಕೂತರೆ ತಲೆ ಸಿಡಿಯುವುದು, ಮಲಗಿದರೆ ಇಳಿಯುವುದು ಇದ್ದರೆ ಅದು ಆ ಇಂಜೆಕ್ಷನ್ನಿನ ತಲೆನೋವೇ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಬಂದು ತೋರಿಸಿ.

ಮೂರನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ತಿಳಿಯಾಗುತ್ತದೆ. ಆಗದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಮಗು ಮಲಗಿದರೂ ತನಗೆ ನಿದ್ದೆ ಹತ್ತದಿದ್ದರೆ ಅದು ಕಾಯಿಲೆ, ಸೊಕ್ಕಲ್ಲ. ದೆವ್ವ ಹಿಡಿದಿದೆ ಎಂದು ತಾಯತ ಕಟ್ಟಿಸುತ್ತಾ ದಿನ ಕಳೆಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡೇ ಇದೆ. ಗಂಡಂದಿರೇ, ಇಲ್ಲೇ ನಿಮ್ಮ ಕೆಲಸ. ಭಾನುವಾರ ಹಣ್ಣು ತಂದು ಮಗುವಿನ ಫೋಟೋ ತೆಗೆದು ಹೊರಡಬೇಡಿ. ಅವಳ ಹತ್ತಿರ ಕೂತು ನಿದ್ದೆ ಆಯ್ತಾ ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳಿ.

ಯಾವಾಗ ಓಡಿ ಬರಬೇಕು ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಆ ಹೊತ್ತಿಗೆ ಬಾಣಂತಿಗೆ ಹೇಳುವ ಶಕ್ತಿ ಇರುವುದಿಲ್ಲ. ಜ್ವರ 100.4 ದಾಟಿದರೆ, ಗಾಯ ಕೆಂಪಾಗಿ ಊದಿದರೆ, ಕೀವು ಬಂದರೆ, ಬಾಯಿ ಬಿಟ್ಟರೆ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ಸ್ರಾವ ಕೆಟ್ಟ ವಾಸನೆ ಬಂದರೆ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ. ಉಸಿರು ಸಿಗದಿದ್ದರೆ, ಎದೆ ನೋವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಸೀದಾ 108. ಬಿಪಿ ಏರಿ ಫಿಟ್ಸ್ ಬರುವುದು ಹೆರಿಗೆಯಾದ ಮೇಲೂ ಆಗಬಹುದು. ಗಾಯದ ಕೀವಿಗೆ ಔಷಧಿ ಅಂಗಡಿಯಿಂದ ನೀವೇ ಮಾತ್ರೆ ತಂದು ಕೊಡಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರು ಬೇಗ ಹೊರಡಲು ಹಟ ಹಿಡಿಯಬೇಡಿ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಆಪರೇಷನ್, ಔಷಧಿ, ರಕ್ತ ಉಚಿತ. ಸಿಸೇರಿಯನ್ ಆದವರಿಗೆ ಏಳು ದಿನದವರೆಗೆ ಊಟ, ಮನೆಗೆ ಬಿಡುವ ಗಾಡಿಯೂ ಉಚಿತ. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಬಂದು ನೋಡುತ್ತಾರೆ. ಅವರಿಗೆ ಮಗುವನ್ನಷ್ಟೇ ಅಲ್ಲ, ನಿಮ್ಮ ಗಾಯವನ್ನೂ ತೋರಿಸಿ.

ಗಂಡ ಹೆಂಡತಿ ಸೇರುವುದು, ಸ್ಕೂಟರ್ ಓಡಿಸುವುದು ಇವಕ್ಕೆ ಆರು ವಾರ ಕಾಯಿರಿ. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಅಂತರ ಕೊಡಿ, ಗರ್ಭಕೋಶದ ಗಾಯ ಗಟ್ಟಿಯಾಗಬೇಕು. ಮುಟ್ಟು ಬಂದಿಲ್ಲವೆಂದು ಸುಮ್ನೆ ಇರಬೇಡಿ, ಮುಟ್ಟು ಬರುವ ಮೊದಲೇ ಬಸಿರು ನಿಲ್ಲಬಹುದು.

ಒಂದು ಸಲ ಸಿಸೇರಿಯನ್ ಆದರೆ ಮುಂದಿನದೂ ಸಿಸೇರಿಯನ್ನೇ ಆಗಬೇಕೆಂದಿಲ್ಲ. ಬಹಳ ಜನರಿಗೆ ಎರಡನೆಯದು ನಾರ್ಮಲ್ ಆಗಿದೆ. ಆದರೆ ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದ ಕೊಯ್ದರೋ ಎಂಬುದರ ಮೇಲೆ ಅದು ನಿಂತಿದೆ. ಹೊಟ್ಟೆಯ ಮೇಲಿನ ಕಲೆ ನೋಡಿ ಅದನ್ನು ಹೇಳಲಾಗದು. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತದೆ. ಆ ಕಾಗದವನ್ನು ತಾಯಿ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ, ಮೊಬೈಲಿನಲ್ಲೂ ಒಂದು ಫೋಟೋ ಇರಲಿ. ಈಗ ಪ್ರಶ್ನೆ ಕೇಳಿ. ಮೊದಲು ಅಜ್ಜಿಯರು, ಅವರ ಹತ್ತಿರ ನನ್ನ ಜೊತೆ ವಾದ ಮಾಡಲು ಬಹಳ ಇದೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿದೆ.