ಹೈಬ್ರಿಡ್ ಕಾರು: ಊರೊಳಗೊಂದು ಲೆಕ್ಕ, ಹೆದ್ದಾರಿಯಲ್ಲೊಂದು ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯ ರಸ್ತೆಗಳಲ್ಲಿ ಈಗ ಹೈಬ್ರಿಡ್ ಕಾರುಗಳು ಕಾಣಸಿಗುತ್ತವೆ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಮತ್ತು ಸಣ್ಣದೊಂದು ಬ್ಯಾಟರಿ ಇರುವ ವಾಹನ ಇದು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಈ ಬಗೆಯನ್ನು ಜನಪ್ರಿಯಗೊಳಿಸಿತು. ಇಂದು ನಮ್ಮ ಬಿಡದಿಯಲ್ಲೇ ಇಂಥ ಕಾರುಗಳು ತಯಾರಾಗುತ್ತವೆ. ಇದರಿಂದ ಪರಿಸರಕ್ಕೆ ಒಳ್ಳೆಯದಾಗುತ್ತದೆಯೇ? ಆಗುತ್ತದೆ. ಎಷ್ಟು ಎಂಬುದು ಮಾತ್ರ ನೀವು ಅದನ್ನು ಎಲ್ಲಿ ಓಡಿಸುತ್ತೀರಿ ಎನ್ನುವುದನ್ನು ಅವಲಂಬಿಸಿದೆ.

ಸಂಜೆ ಹೊತ್ತು ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದ ಕಡೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಹತ್ತು ಮಾರು ಸಾಗುವುದು, ಮತ್ತೆ ನಿಲ್ಲುವುದು. ಸಾಮಾನ್ಯ ಕಾರು ನಿಂತಲ್ಲೂ ಪೆಟ್ರೋಲ್ ಸುಡುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಅದರ ವೇಗ ಬರಿಯ ಬಿಸಿಯಾಗಿ ಪೋಲಾಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೊಡನೆ ಅದೇ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಆ ವೇಗದ ಒಂದು ಪಾಲನ್ನು ವಿದ್ಯುತ್ತಾಗಿ ಬ್ಯಾಟರಿಗೆ ತುಂಬುತ್ತದೆ. ಕಾರು ನಿಂತಾಗ ಎಂಜಿನ್ ತಾನಾಗಿ ಆರುತ್ತದೆ. ಮತ್ತೆ ಹೊರಡುವಾಗ ಮೊದಲ ಎಳೆತ ಮೋಟಾರಿನದು. ಬ್ರೇಕ್ ಪ್ಯಾಡ್ ಸವೆಯುವುದೂ ಕಡಿಮೆ. ಅದರಿಂದ ಉದುರುವ ಸೂಕ್ಷ್ಮ ಧೂಳೂ ಅಷ್ಟರಮಟ್ಟಿಗೆ ತಗ್ಗುತ್ತದೆ. ವೃತ್ತದಲ್ಲಿ ದಿನವಿಡೀ ನಿಲ್ಲುವ ಸಂಚಾರಿ ಪೊಲೀಸರನ್ನೂ ಬಂಡಿಯವರನ್ನೂ ನೆನೆದರೆ ಇದು ಸಣ್ಣ ಉಪಕಾರವಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಕಾರು ಲೀಟರಿಗೆ 15ರ ಬದಲು 20 ಕಿಲೋಮೀಟರ್ ಕೊಟ್ಟರೆ 200 ಲೀಟರ್ ಪೆಟ್ರೋಲ್ ಉಳಿಯಿತು, 460 ಕಿಲೋ ಇಂಗಾಲದ ಡೈಆಕ್ಸೈಡೂ ತಪ್ಪಿತು.

ಆದರೆ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೊರಟರೆ ಲೆಕ್ಕ ಬದಲಾಗುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದ ಓಟ. ಬ್ರೇಕ್ ಒತ್ತುವುದೇ ಅಪರೂಪ, ಹಾಗಾಗಿ ಮರಳಿ ಪಡೆಯಲು ಶಕ್ತಿಯೂ ಇಲ್ಲ. ಎಂಜಿನ್ನೇ ಹೆಚ್ಚು ಹೊತ್ತು ಎಳೆಯಬೇಕು, ಬ್ಯಾಟರಿ ಮತ್ತು ಮೋಟಾರಿನ ಭಾರ ಬೇರೆ. ಉಳಿತಾಯ ಇರುತ್ತದೆ, ಊರೊಳಗಿನಷ್ಟು ಇರುವುದಿಲ್ಲ. ಇನ್ನು ‘ಮೈಲ್ಡ್ ಹೈಬ್ರಿಡ್’ ಎಂಬ ಹೆಸರಿನವುಗಳಲ್ಲಿ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ಸಾಮಾನ್ಯವಾಗಿ ತಾನೊಂದೇ ಕಾರನ್ನು ಓಡಿಸಲಾರದು. ಅಂಗಡಿಯಲ್ಲಿ ಇದನ್ನು ಬಿಡಿಸಿ ಕೇಳಿ.

ನನ್ನನ್ನು ಹೆಚ್ಚು ಕಾಡುವ ಕೊರತೆ ಬೇರೆಯೇ ಇದೆ. ಪ್ಲಗ್ ಹಾಕಿ ಚಾರ್ಜ್ ಮಾಡದ ಇಂಥ ಹೈಬ್ರಿಡ್ ಕಾರಿನ ಕೊನೆಯ ಹನಿ ಶಕ್ತಿಯೂ ಪೆಟ್ರೋಲಿನಿಂದಲೇ ಬಂದದ್ದು. ವಿದ್ಯುತ್ ಕಾರಿಗೂ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಕಲ್ಲಿದ್ದಲಿನ ಹೊಗೆ ಅಂಟಿಕೊಂಡಿದೆಯಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಪಾವಗಡದಂಥ ಸೌರ ಸ್ಥಾವರಗಳ ಪಾಲು ಹೆಚ್ಚಿದಂತೆ ವಿದ್ಯುತ್ ಕಾರು ತಾನಾಗಿ ಶುಚಿಯಾಗುತ್ತದೆ. ಇಂದು ಕೊಂಡ ಹೈಬ್ರಿಡ್ ಮಾತ್ರ ತನ್ನ ಆಯುಷ್ಯವಿಡೀ ಪೆಟ್ರೋಲನ್ನೇ ಬೇಡುತ್ತದೆ. ಈ ಎರಡು ಕಾರುಗಳಿಗಿಂತಲೂ ತುಂಬಿ ಹೊರಟ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ತಲೆಗೆ ಕಡಿಮೆ ಹೊಗೆ ಬಿಡುತ್ತದೆ ಎಂಬುದನ್ನೂ ಹೇಳದೆ ಇರಲಾರೆ.

ಬ್ಯಾಟರಿಗೆ ನಿಕ್ಕಲ್, ಲಿಥಿಯಂ, ಕೋಬಾಲ್ಟ್‌ನಂಥ ಲೋಹಗಳು ಬೇಕು. ಅವುಗಳ ಗಣಿಗಾರಿಕೆ ಎಲ್ಲೋ ದೂರದ ನೆಲವನ್ನೂ ನೀರನ್ನೂ ಕೆಡಿಸುತ್ತದೆ. ವಿದ್ಯುತ್ ಕಾರಿನದಕ್ಕಿಂತ ಹೈಬ್ರಿಡ್ ಬ್ಯಾಟರಿ ಬಹಳ ಚಿಕ್ಕದು, ಆ ಮಟ್ಟಿಗೆ ಹಾನಿಯೂ ಚಿಕ್ಕದು. ಅದು ಬೇಗ ಹಾಳಾದರೆ ಈ ಲಾಭ ನಮ್ಮ ಕೈಬಿಡುತ್ತದೆ. ಬ್ಯಾಟರಿಗೆ ಬಿಸಿಲು ಆಗದು. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಹಲವು ಮಾದರಿಗಳಲ್ಲಿ ಸೀಟಿನ ಬದಿಗೋ ಕೆಳಗೋ ಬ್ಯಾಟರಿ ತಣಿಸುವ ಗಾಳಿಕಿಂಡಿ ಇರುತ್ತದೆ. ತೊಗರಿ ರಾಶಿಯ ಕಾಲದ ಹೊಟ್ಟು, ಸಿಮೆಂಟ್ ಲಾರಿಗಳ ಧೂಳು ಅಲ್ಲಿ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಚೀಲ ಇಡಬೇಡಿ, ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಶುಚಿ ಮಾಡಿಸಿ.

ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಲೇಬಾರದು. ಅದರ ಕಿತ್ತಳೆ ಬಣ್ಣದ ತಂತಿಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಹರಿಯಬಲ್ಲದು. ಬಿಚ್ಚುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆ ಉತ್ಪಾದಕರದು. ಅದನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹಿಂದಕ್ಕೆ ಪಡೆಯುತ್ತಾರೆ ಎಂಬುದನ್ನು ಕಾರು ಕೊಳ್ಳುವ ದಿನವೇ ಕೇಳಿ, ಬರೆಸಿಕೊಳ್ಳಿ.

ನಮಸ್ಕಾರ.