ಪಾಚಿ ಎಣ್ಣೆಯಲ್ಲಿ ಓಡಿದ ಸೇನಾ ದೋಣಿ

ಕೇಳುಗರಿಗೆ ನಮಸ್ಕಾರ.

ಬಚ್ಚಲ ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ನಾವೇನು ಮಾಡುತ್ತೇವೆ? ತೆಂಗಿನ ನಾರು ಹಾಕಿ ಉಜ್ಜಿ ತೊಳೆಯುತ್ತೇವೆ. ಅದೇ ಕುಲದ ಸಣ್ಣ ಜೀವಿಗಳ ಎಣ್ಣೆಯಿಂದ ಸೇನಾ ದೋಣಿ ಓಡಿಸಿದ ಕತೆ ಇವತ್ತು ಹೇಳುತ್ತೇನೆ.

2010ರ ಅಕ್ಟೋಬರ್ 22. ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ನೌಕಾನೆಲೆ. ನದಿಗಳಲ್ಲಿ ಗಸ್ತು ತಿರುಗುವ 49 ಅಡಿ ಉದ್ದದ ದೋಣಿಯೊಂದು ನೀರು ಸೀಳಿಕೊಂಡು ಹೊರಟಿತು. ಟ್ಯಾಂಕಿನಲ್ಲಿ ಅರ್ಧ ಮಾಮೂಲಿ ಡೀಸೆಲ್, ಇನ್ನರ್ಧ ಪಾಚಿ ಎಣ್ಣೆಯಿಂದ ಮಾಡಿದ ಡೀಸೆಲ್. ಗಂಟೆಗೆ 80 ಕಿಲೋಮೀಟರ್ ದಾಟುವವರೆಗೂ ಓಡಿಸಿ ನೋಡಿದರು. ಎಂಜಿನ್ನಿಗೆ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ.

ಹೊಂಗೆ ಎಣ್ಣೆಯಿಂದ ನಾವೂ ಬಯೋಡೀಸೆಲ್ ಮಾಡುತ್ತೇವಲ್ಲ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಆ ಬಯೋಡೀಸೆಲ್ ಲಾರಿಗೆ, ಪಂಪ್‌ಸೆಟ್ಟಿಗೆ ಸರಿ. ಯುದ್ಧನೌಕೆಗೆ ಆಗುವುದಿಲ್ಲ. ಯಾಕೆ ಗೊತ್ತಾ? ಎಣ್ಣೆ ಖರ್ಚಾದಂತೆ ಹಡಗು ಹಗುರಾಗಿ ಓಲಾಡುತ್ತದೆ. ಅದಕ್ಕೇ ಕೆಲವು ಯುದ್ಧನೌಕೆಗಳಲ್ಲಿ ಎಣ್ಣೆ ಟ್ಯಾಂಕಿನೊಳಕ್ಕೇ ಸಮುದ್ರದ ನೀರು ಬಿಟ್ಟುಕೊಳ್ಳುತ್ತಾರೆ. ನೀರು ಕೆಳಗೆ, ಡೀಸೆಲ್ ಮೇಲೆ. ಎರಡೂ ಬೆರೆಯಬಾರದು. ಸಾಮಾನ್ಯ ಬಯೋಡೀಸೆಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಲೋಳೆ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತದೆ. ನಡುಗಡಲಲ್ಲಿ ಎಂಜಿನ್ ನಿಂತರೆ ಯಾವ ಮೆಕ್ಯಾನಿಕ್ಕನ್ನು ಕರೆಯುವುದು?

ಅದಕ್ಕೇ ಪಾಚಿ ಎಣ್ಣೆಯನ್ನು ಕಾಯಿಸಿ, ಒತ್ತಡದಲ್ಲಿ ಹೈಡ್ರೋಜನ್ ಸೇರಿಸಿ, ಆಮ್ಲಜನಕವನ್ನು ತೆಗೆದುಹಾಕಿದರು. ಆಮೇಲೆ ಉಳಿಯುವುದು ಪೆಟ್ರೋಲಿಯಂ ಡೀಸೆಲ್‌ನಂಥದೇ ಎಣ್ಣೆ. ಹಾಗಾದರೆ ಅರ್ಧ ಮಾತ್ರ ಯಾಕೆ ಬೆರೆಸಿದರು? ಪೆಟ್ರೋಲಿಯಂ ಡೀಸೆಲ್‌ನಲ್ಲಿರುವ ಕೆಲವು ಅಂಶಗಳಿಂದ ಪೈಪುಗಳ ರಬ್ಬರ್ ವಾಷರ್ ಸ್ವಲ್ಪ ಉಬ್ಬಿ ಬಿಗಿಯಾಗಿ ಕೂರುತ್ತದೆ. ಆ ಅಂಶ ಈ ಹೊಸ ಎಣ್ಣೆಯಲ್ಲಿ ಇಲ್ಲ. ಬರೀ ಅದನ್ನೇ ತುಂಬಿದರೆ ವಾಷರ್ ಕುಗ್ಗಿ ಎಣ್ಣೆ ಸೋರಬಹುದು. ಇಷ್ಟು ಚಿಕ್ಕ ವಿಷಯವನ್ನೂ ಬಿಡದೆ ನೋಡಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಮರುವರ್ಷ ನವೆಂಬರಿನಲ್ಲಿ 'ಪಾಲ್ ಎಫ್. ಫಾಸ್ಟರ್' ಎಂಬ ಹಳೆಯ ಯುದ್ಧನೌಕೆ ಇದೇ ಬೆರಕೆ ಎಣ್ಣೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಿಂದ ಪೋರ್ಟ್ ವೈನೀಮಿಗೆ ಹೋಯಿತು.

ನನ್ನ ತಕರಾರು ಇರುವುದು ಪಾಚಿಯನ್ನು ಬೆಳೆಸಿದ ರೀತಿಯಲ್ಲಿ. ಪಾಚಿ ಅಂದ ತಕ್ಷಣ ಬಿಸಿಲು, ಕೆರೆ ನೆನಪಾಗುತ್ತದೆ ಅಲ್ವಾ? ಈ ಎಣ್ಣೆ ಕೊಟ್ಟ ಸೋಲಜೈಮ್ ಕಂಪನಿ ಪಾಚಿಯನ್ನು ಕತ್ತಲೆಯ ದೊಡ್ಡ ಟ್ಯಾಂಕುಗಳಲ್ಲಿ ಸಕ್ಕರೆ ಉಣಿಸಿ ಬೆಳೆಸುತ್ತಿತ್ತು. ಎಣ್ಣೆ ಬೇಗ ಸಿಗುತ್ತದೆ, ನಿಜ. ಆದರೆ ಸಕ್ಕರೆ ಬರಬೇಕಾದ್ದು ಹೊಲದಿಂದಲೇ. ಮಂಡ್ಯದ ಗದ್ದೆ ನೋಡಿದವರಿಗೆ ಗೊತ್ತು, ಕಬ್ಬು ಎಷ್ಟು ನೀರು ಕುಡಿಯುತ್ತದೆ ಅಂತ. ಹೊಲ ಬೇಡ, ಬಿಸಿಲು ಸಾಕು ಅನ್ನುವುದೇ ಪಾಚಿಯ ಹೆಚ್ಚುಗಾರಿಕೆ. ಸಕ್ಕರೆ ಉಣಿಸಿದರೆ ಅದೇ ಹೋಯಿತಲ್ಲ!

ಬೆಲೆಯೂ ಜಾಸ್ತಿ. 2011ರ ಕೊನೆಗೆ ನೌಕಾಪಡೆ ನಾಲ್ಕೂವರೆ ಲಕ್ಷ ಗ್ಯಾಲನ್ ಜೈವಿಕ ಇಂಧನಕ್ಕೆ 1.2 ಕೋಟಿ ಡಾಲರ್ ಕೊಟ್ಟಿತು. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಅದರಲ್ಲಿ ಪಾಚಿ ಎಣ್ಣೆಯ ಜೊತೆ ಕರಿದು ಉಳಿದ ಅಡುಗೆ ಎಣ್ಣೆಯೂ ಇತ್ತು. ಗ್ಯಾಲನ್ನಿಗೆ 26 ಡಾಲರಿಗೂ ಹೆಚ್ಚು ಬಿತ್ತು. ಆಗ ಮಾಮೂಲಿ ಇಂಧನ ನಾಲ್ಕು ಡಾಲರ್ ಆಸುಪಾಸು. ಅಮೆರಿಕದ ಸಂಸತ್ತಿನಲ್ಲಿ ಗಲಾಟೆಯೇ ಆಯಿತು. ಆಗಿನ ನೌಕಾಪಡೆ ಕಾರ್ಯದರ್ಶಿ ರೇ ಮೇಬಸ್ ತಮ್ಮ ವಾದ ಬಿಡಲಿಲ್ಲ. ಕಚ್ಚಾತೈಲ ಬ್ಯಾರೆಲಿಗೆ ಒಂದೇ ಡಾಲರ್ ಏರಿದರೂ ನೌಕಾಪಡೆಗೆ ವರ್ಷಕ್ಕೆ 3 ಕೋಟಿ ಡಾಲರ್ ಹೊರೆ ಬೀಳುತ್ತದೆ ಅನ್ನುತ್ತಿದ್ದರು. ಅವರ ಚಿಂತೆಯಲ್ಲೂ ನ್ಯಾಯವಿತ್ತು.

2016ರ ಜನವರಿಯಲ್ಲಿ ಅಮೆರಿಕದ 'ಹಸಿರು ನೌಕಾಪಡೆ' ಎಂಬ ಹಡಗುಗಳ ಗುಂಪು ಸ್ಯಾನ್ ಡಿಯಾಗೋದಿಂದ ಹೊರಟಿತು. ಅದರ ಇಂಧನದಲ್ಲಿ ನೂರಕ್ಕೆ ಹತ್ತು ಪಾಲು ಜೈವಿಕ ಇಂಧನ, ದನದ ಕೊಬ್ಬಿನಿಂದ ಮಾಡಿದ್ದು. ಬೆರಕೆಯ ಬೆಲೆ ಗ್ಯಾಲನ್ನಿಗೆ 2.05 ಡಾಲರ್. ಪಾಚಿ ಎಣ್ಣೆ ಕೊಟ್ಟ ಕಂಪನಿ ಅದೇ ವರ್ಷ ಹೆಸರು ಬದಲಿಸಿಕೊಂಡು ಆಹಾರದ ಎಣ್ಣೆಯ ಕಡೆ ಹೊರಳಿತು. 2017ರಲ್ಲಿ ದಿವಾಳಿಯಾಯಿತು.

ನಮಸ್ಕಾರ.