ಸ್ಟೆಂಟ್ ಆದ ಮ್ಯಾಲೆ ನಡೀಬೇಕೋ, ಮಲಗಬೇಕೋ?

(ಬಾಗಲಕೋಟೆಯ ನವನಗರದಲ್ಲಿ ಹೃದ್ರೋಗಿಗಳು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಎಲ್ಲರಿಗೂ ಶರಣು ಶರಣಾರ್ಥಿಗಳು.

ಹಾರ್ಟ್ ಅಟ್ಯಾಕ್ ಆಗಿ, ರಕ್ತನಾಳ ತೆರೆದಿಡುವ ಸಣ್ಣ ಜಾಳಿಗೆ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಮನೆಗೆ ಬಂದ ಗಂಡಸಿಗೆ ನಮ್ಮ ಕಡೆ ಮೊದಲು ಸಿಗುವುದು ಮಂಚ. "ಯಪ್ಪಾ, ನೀ ಏಳಬ್ಯಾಡ, ನೀರು ನಾವ ತಂದು ಕೊಡ್ತೀವಿ" ಎಂದು ಮಕ್ಕಳು ಸುತ್ತ ನಿಲ್ಲುತ್ತಾರೆ. ಹೊಲಕ್ಕೆ ಹೋಗಗೊಡುವುದಿಲ್ಲ, ಮಾಳಿಗೆ ಹತ್ತಗೊಡುವುದಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಫಿಸಿಯೋಥೆರಪಿಸ್ಟ್ ಆಗಿ ನಾನು ಕೈ ಮುಗಿದು ಹೇಳುತ್ತೇನೆ: ಆ ಮಂಚ ಅವರ ಕಾಲಿನ ಕಸುವನ್ನೂ ಎದೆಯ ಧೈರ್ಯವನ್ನೂ ದಿನದಿನವೂ ಕಸಿದುಕೊಳ್ಳುತ್ತದೆ.

ಒಂದು ಕಾಲಕ್ಕೆ ಡಾಕ್ಟರರೂ ಹೀಗೇ ಮಾಡುತ್ತಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಹೃದ್ರೋಗ ತಜ್ಞರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥವರನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದೆಂದು ಬರೆದರು. 1966ರಲ್ಲಿ ಅಲ್ಲಿನ ಡಲ್ಲಾಸ್ ಊರಿನಲ್ಲಿ ಬೇರೆ ಸಂಶೋಧಕರು 20ರ ಹರೆಯದ 5 ತರುಣರನ್ನು 3 ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಅವರ ದುಡಿಯುವ ತಾಕತ್ತು ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. 30 ವರ್ಷದ ಮೇಲೆ ಅದೇ ಐವರನ್ನು ಮತ್ತೆ ಕರೆದು ನೋಡಿದರೆ, ಅಷ್ಟು ವಯಸ್ಸಾಗಿ ಕಳೆದುಕೊಂಡದ್ದಕ್ಕಿಂತ ಆಗ 3 ವಾರ ಮಲಗಿ ಕಳೆದುಕೊಂಡದ್ದೇ ಹೆಚ್ಚು! ಗಟ್ಟಿಮುಟ್ಟಾದ ಹುಡುಗರ ಪಾಡೇ ಹೀಗಾದರೆ ಅರವತ್ತು ದಾಟಿದ ಅಪ್ಪನ ಪಾಡೇನು?

ಹಾಗಂತ ನಾಳೆಯೇ ಓಡಬೇಡಿ. ಮೊದಲು ಇಸಿಜಿ, ಬಿ.ಪಿ., 6 ನಿಮಿಷದ ನಡಿಗೆ ಪರೀಕ್ಷೆ. ಆಮೇಲೆ ಸಪಾಟು ರಸ್ತೆಯಲ್ಲಿ ಹೊತ್ತಿಗೆ 5ರಿಂದ 10 ನಿಮಿಷ. ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಅರ್ಧ ಗಂಟೆಗೆ ಮುಟ್ಟುವುದು. ಪಕ್ಕದವರ ಜೊತೆ ಮಾತಾಡುತ್ತ ನಡೆಯಲು ಬರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿಬಿಡಿ. ಯೋಗದ ಬಗ್ಗೆಯೂ ಕೇಳುತ್ತೀರಿ. 2020ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ 24 ಆಸ್ಪತ್ರೆಗಳ ಸುಮಾರು 4,000 ರೋಗಿಗಳಿದ್ದರು. ಯೋಗ ಕಲಿತವರು ತಮ್ಮ ದಿನನಿತ್ಯದ ಕೆಲಸಕ್ಕೆ ಚೆನ್ನಾಗಿ ಮರಳಿದರು. ಮತ್ತೆ ಆಘಾತವಾಗುವುದು, ಸಾವು ಕಡಿಮೆಯಾದವೆಂದು ಮಾತ್ರ ಖಚಿತವಾಗಿ ಸಾಬೀತಾಗಲಿಲ್ಲ. ಆದ್ದರಿಂದ ಯೋಗ ಮಾಡಿ, ಗುಳಿಗೆ ಬಿಡಬೇಡಿ. ಸ್ಟೆಂಟ್ ರಕ್ತನಾಳದ ಒಂದು ಜಾಗವನ್ನಷ್ಟೇ ತೆರೆಯುತ್ತದೆ; ಕಾಯಿಲೆ ಉಳಿದ ನಾಳಗಳಲ್ಲೂ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು. "ಮೈ ಹಗುರಾಗೇತಿ" ಎಂದು ನಡುವೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಬಹುದು. ತಂಬಾಕಂತೂ ಇವತ್ತೇ ಉಗುಳಿಬಿಡಿ.

ಈಗ ತಾಯಂದಿರ ವಿಷಯ. ಇದನ್ನು ಹೇಳದೆ ನಾನು ಇಲ್ಲಿಂದ ಇಳಿಯಲಾರೆ. ಗಂಡಸನ್ನು ಮಲಗಿಸುವ ಅದೇ ಮನೆ, ಹೃದಯದ ಬೈಪಾಸ್ ಆಪರೇಷನ್ ಆದ ಹೆಂಗಸನ್ನು ಹದಿನೈದು ದಿನಕ್ಕೇ ಒಲೆಯ ಮುಂದೆ ಕೂರಿಸುತ್ತದೆ. ಬೈಪಾಸ್‌ನಲ್ಲಿ ಎದೆಯ ಮೂಳೆಯನ್ನು ಸೀಳಿ ತಂತಿಯಿಂದ ಬಿಗಿದಿರುತ್ತಾರೆ. ಅದು ಚೆನ್ನಾಗಿ ಕೂಡಿಕೊಳ್ಳಲು ಸುಮಾರು 3 ತಿಂಗಳು ಬೇಕು. ಅಷ್ಟರೊಳಗೆ ತುಂಬಿದ ಕೊಡ ಎತ್ತುವುದು, ಜೋಳದ ಹಿಟ್ಟು ನಾದುವುದು, ಎರಡೂ ಕೈಯಿಂದ ರೊಟ್ಟಿ ಬಡಿಯುವುದು, ಎಲ್ಲದರ ಭಾರ ಆ ಮೂಳೆಯ ಮೇಲೆಯೇ. ಕೆಮ್ಮು ಬಂದರೆ ಎದೆಗೆ ದಿಂಬು ಅವಚಿಕೊಳ್ಳಿ ಎಂದು ನಾವು ಕಲಿಸುತ್ತೇವೆ. ಮನೆಗೆ ಹೋದರೆ ಆಕೆಯ ಕೈಗೆ ಕೊಡ ಕೊಡುತ್ತಾರೆ. ಜಗತ್ತಿನ ಎಲ್ಲೆಡೆ ಹೃದಯ ಪುನಶ್ಚೇತನಕ್ಕೆ, ಅಂದರೆ ಹೀಗೆ ಹಂತಹಂತವಾಗಿ ಕಸುವು ತುಂಬಿಸುವ ತರಬೇತಿಗೆ, ಹೆಣ್ಣುಮಕ್ಕಳು ಬರುವುದು ಕಡಿಮೆ. ಕರೆತರುವವರಿಲ್ಲ, ಬಿಡುವೂ ಇಲ್ಲ. ಅಣ್ಣಾರ, ತಮ್ಮಾರ, 3 ತಿಂಗಳು ಕೊಡ ನೀವು ಹೊರಿ. ರೊಟ್ಟಿಯನ್ನು ಖಾನಾವಳಿಯಿಂದ ತಂದರೂ ನಡೆಯುತ್ತದೆ. ಆಕೆ ಬರೀ ಮಲಗಲಿ ಎಂದಲ್ಲ, ಆಕೆಯೂ ನಡೆಯಬೇಕು.

ಊಟದ ಮಾತು ಚಿಕ್ಕದು. ರೊಟ್ಟಿ, ಪಲ್ಯ, ಕಾಳು ಒಳ್ಳೆಯ ಊಟವೇ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ದೂರವಿಡಿ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಲಿ, ಅಂದರೆ ಒಂದು ಸಣ್ಣ ಚಮಚೆ.

ಭಯವೂ ಕಾಯಿಲೆಯ ಒಂದು ಭಾಗ. ರಾತ್ರಿ ಎದೆ ಝಲ್ಲೆನ್ನುವುದು, ಯಾರೊಡನೆಯೂ ಮಾತು ಬೇಡವಾಗುವುದು ವಾರಗಟ್ಟಲೆ ಉಳಿದರೆ ಡಾಕ್ಟರರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ಗಂಡ-ಹೆಂಡಿರು ಕೂಡುವ ವಿಷಯವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾನೇ ಹೇಳುತ್ತೇನೆ: ಎದೆನೋವು, ಏದುಸಿರು ಇಲ್ಲದೆ ಎರಡು ಮಹಡಿ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಯುಗಾದಿ ಹತ್ತಿರ ಬಂದರೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: "ಮಲ್ಲಯ್ಯಗ ನಡಕೊಂಡು ಹೋಗಬಹುದ್ರೀ?" ಶ್ರೀಶೈಲದ ಮಲ್ಲಿಕಾರ್ಜುನನಿಗೆ ಪಾದಯಾತ್ರೆ ಹೋಗುವ ಮಾತು ಇದು. ನಾನು ಬೇಡವೆಂದು ಬಾಯಿ ಮುಚ್ಚಿಸುವುದಿಲ್ಲ. ಶ್ರೀಶೈಲದ ಆಸೆಯಿಂದಲೇ ದಿನಾ ನಡೆಯುವವರನ್ನು ಕಂಡಿದ್ದೇನೆ. ಆದರೆ ಆಘಾತವಾದ ವರ್ಷವೇ ಪೂರ್ತಿ ಪಾದಯಾತ್ರೆ ಬೇಡ. ಮುಂದಿನ ವರ್ಷಕ್ಕೆ ಡಾಕ್ಟರರು ಒಪ್ಪಿದರೆ, ತಿಂಗಳುಗಳ ಮೊದಲಿಂದಲೇ ನಡಿಗೆಯ ದೂರ ಹೆಚ್ಚಿಸಿ. ಯಾತ್ರೆಯಲ್ಲಿ ಹೊರುವ ಕಂಬಿ ಬೇರೆಯವರ ಹೆಗಲಿಗಿರಲಿ. ಶ್ರೀಶೈಲದ ದಾರಿಯಲ್ಲಿನ ಭೀಮನಕೊಳ್ಳದ ಏರು ಸಪಾಟು ರಸ್ತೆಯಲ್ಲ, ಅಲ್ಲಿ ಹಟ ಮಾಡಬೇಡಿ. ಬಿ.ಪಿ. ಗುಳಿಗೆ, ಮೂತ್ರ ಹೋಗುವ ಗುಳಿಗೆ ನುಂಗುವವರು ಬಿಸಿಲಲ್ಲಿ ಬೆವತರೆ ತಲೆ ತಿರುಗಿ ಬೀಳಬಹುದು. ನೀರು ಎಷ್ಟು, ಗುಳಿಗೆ ಎಷ್ಟು ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ. ನಾಲಿಗೆ ಕೆಳಗಿಡುವ ಗುಳಿಗೆ ಕೊಟ್ಟಿದ್ದರೆ ಅಂಗಿಯ ಕಿಸೆಯಲ್ಲಿರಲಿ, ಗಾಡಿಯಲ್ಲಿನ ಚೀಲದಲ್ಲಲ್ಲ. ಎದೆ ಹಿಂಡಿದರೆ ಕುಳಿತು ಅದನ್ನಿಡಿ. 5 ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಫೈಲು ತಂದವರು ಮುಂದೆ ಬನ್ನಿ, ಒಬ್ಬೊಬ್ಬರದಾಗಿ ನೋಡೋಣ.